ಹಳೇ ಟಾರ್ಗೆಟ್ ರಿವಾಲ್ವರೋ, ಹೊಸದೋ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಹಳೇ ಕಾಲದ ರಿವಾಲ್ವರ್‌ಗಳ ಗುರಿ ಈಗಿನವಕ್ಕಿಂತ ಚೆನ್ನಾಗಿರ್ತಿತ್ತಂತೆ, ಹೌದಾ?" ನಾನು ಗುರಿ ಹೊಡೆಯೋಕೆ ಹೋಗ್ತೀನಿ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಇಲ್ಲಿ ಒಹಾಯೋದ ಕ್ಲಬ್ಬಿಗೆ ಹೊಸದಾಗಿ ಸೇರಿದವರು ಕೇಳುತ್ತಾರೆ. ಊರಿಗೆ ಹೋದರೆ ಭಾವಮೈದ ಕೇಳುತ್ತಾನೆ. ಪ್ರತಿ ಸಲವೂ ಅರ್ಧ ಉತ್ತರ ಕೊಡುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಮೊದಲೇ ಹೇಳಿಬಿಡ್ತೀನಿ. ಹಳೇ ಟಾರ್ಗೆಟ್ ರಿವಾಲ್ವರನ್ನು ಒಂದೇ ಒಂದು ಬಗೆಯ ಗುಂಡಿಗಾಗಿ ಮಾಡಿದ್ದರು. ಹೊಸದನ್ನು ಎಲ್ಲಾ ಬಗೆಯ ಗುಂಡಿಗೂ ಆಗಲಿ ಅಂತ ಮಾಡುತ್ತಾರೆ. ಆ ಒಂದು ಗುಂಡನ್ನು ಹಾಕಿ ಹೊಡೆದರೆ ಹಳೇದು ಇವತ್ತಿಗೂ ಸೋಲುವುದಿಲ್ಲ. ಬೇರೆ ಏನೇ ಹಾಕಿದರೂ ಹೊಸದೇ ಮೇಲು.

ಹಳೇದು ಅಂದರೆ ಯಾವುದು? ನಾನು ಹೇಳುತ್ತಿರುವುದು ಮುಖ್ಯವಾಗಿ ಎರಡನೇ ಮಹಾಯುದ್ಧದ ನಂತರದ ಅಮೆರಿಕದ ರಿವಾಲ್ವರ್‌ಗಳ ಬಗ್ಗೆ. ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಕೆ-38, ಅಂದರೆ 1957ರಿಂದ ಮಾಡೆಲ್ 14 ಅಂತ ಕರೆಸಿಕೊಂಡದ್ದು. ಕೋಲ್ಟ್ ಕಂಪನಿಯ ಆಫೀಸರ್ಸ್ ಮಾಡೆಲ್ ಮ್ಯಾಚ್. 1955ರಲ್ಲಿ ಬಂದ ಕೋಲ್ಟ್ ಪೈಥಾನ್. ಹೊಸದು ಅಂದರೆ 1980ರ ಸುಮಾರಿಗೆ ಬಂದ ಸ್ಮಿತ್ 686, ಆಮೇಲಿನ ರೂಗರ್ ಜಿಪಿ100, 2020ರಲ್ಲಿ ಕೋಲ್ಟ್ ಮತ್ತೆ ಮಾಡೋಕೆ ಶುರು ಮಾಡಿದ ಪೈಥಾನ್, ಇಂಥವು. ಫ್ರಾನ್ಸಿನ ಮಾನುರಾಂ, ಜರ್ಮನಿಯ ಕೋರ್ತ್ ಕೂಡ ಇವೆ. ಅವುಗಳ ಬೆಲೆ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತೆ, ಅದಕ್ಕೇ ಬಿಟ್ಟಿದ್ದೇನೆ.

ಈಗ ಆ ಗುಂಡಿನ ವಿಷಯ. ಅದರ ಹೆಸರು ವಾಡ್‌ಕಟರ್. ನೋಡಿದರೆ ಗುಂಡು ಅನ್ನಿಸುವುದೇ ಇಲ್ಲ. ಮೂತಿ ಚಪ್ಪಟೆ, ಮೆತ್ತನೆಯ ಸೀಸ, ಹಿಂಭಾಗದಲ್ಲಿ ಒಂದು ಟೊಳ್ಳು. ತೂಕ 148 ಗ್ರೇನ್, ನಮ್ಮ ಲೆಕ್ಕದಲ್ಲಿ ಒಂಬತ್ತೂವರೆ ಗ್ರಾಂ ಆಸುಪಾಸು. ಕಾಡತೂಸಿನ ಬಾಯಿಗೆ ಸಮನಾಗಿ ಒಳಗೆ ಒತ್ತಿರುತ್ತಾರೆ, ಹೊರಗೆ ಏನೂ ಚಾಚುವುದಿಲ್ಲ. ಮದ್ದು ಕಡಿಮೆ, ವೇಗ ಕಡಿಮೆ, ಒದೆತವೂ ಕಡಿಮೆ. ಮದ್ದು ಉರಿದಾಗ ಹಿಂದಿನ ಟೊಳ್ಳು ಅರಳಿ ನಳಿಗೆಗೆ ಬಿಗಿಯಾಗಿ ಕೂರುತ್ತದೆ, ಉರಿದ ಮದ್ದಿನ ಅನಿಲ ಪಕ್ಕದಿಂದ ನುಸುಳುವುದಿಲ್ಲ. ಕಾಗದಕ್ಕೆ ತಾಗಿದಾಗ ಹರಿಯುವುದಿಲ್ಲ, ಪಂಚಿಂಗ್ ಮೆಷೀನಿನಲ್ಲಿ ಹೊಡೆದ ಹಾಗೆ ದುಂಡಗೆ ಕತ್ತರಿಸುತ್ತದೆ. ಅಂಕ ಎಣಿಸುವವರಿಗೆ ಜಗಳವೇ ಇಲ್ಲ.

ಕೆ-38 ಹುಟ್ಟಿದ್ದೇ .38 ಸ್ಪೆಷಲ್ ಅನ್ನುವ ಅಳತೆಯ ಕಾಡತೂಸಿನಲ್ಲಿ ಈ ಗುಂಡನ್ನು ಹೊಡೆಯೋಕೆ. ಈಗಿನ 686, ಪೈಥಾನ್ ಎಲ್ಲ .357 ಮ್ಯಾಗ್ನಮ್ ಅನ್ನುವ ಹೆಚ್ಚು ಜೋರಿನ ಕಾಡತೂಸಿನವು. ಅದರಲ್ಲೂ .38 ಹಾಕಿ ಹೊಡೆಯಬಹುದು. ಆದರೆ ಮ್ಯಾಗ್ನಮ್ ಕಾಡತೂಸಿನ ಕೊಳವೆ .38ರದ್ದಕ್ಕಿಂತ ಸುಮಾರು ಮೂರೂವರೆ ಮಿಲಿಮೀಟರ್ ಹೆಚ್ಚು ಉದ್ದ. ಹಾಗಾಗಿ ಮ್ಯಾಗ್ನಮ್ ಸಿಲಿಂಡರಿನಲ್ಲಿ (ಕಾಡತೂಸು ತುಂಬುವ, ತಿರುಗುವ ಭಾಗ) .38ರ ಗುಂಡು ಅಷ್ಟು ದೂರ ಖಾಲಿ ಜಾಗದಲ್ಲಿ ನೆಗೆದು ಆಮೇಲೆ ಹಿಡಿತಕ್ಕೆ ಸಿಗುತ್ತದೆ. ಇಪ್ಪತ್ತೈದು ಗಜದಲ್ಲಿ ಇದರಿಂದ ಏನೂ ಗೊತ್ತಾಗುವುದಿಲ್ಲ. ಐವತ್ತು ಗಜದಲ್ಲಿ ಕೆಲವು ರಿವಾಲ್ವರ್‌ಗಳಲ್ಲಿ ಗೊತ್ತಾಗುತ್ತದೆ, ಕೆಲವದರಲ್ಲಿ ಇಲ್ಲ. ಜೊತೆಗೆ ಆ ಖಾಲಿ ಜಾಗದಲ್ಲಿ ಸೀಸ, ಮಸಿ ಸೇರಿಕೊಂಡು ಒಂದು ಉಂಗುರ ಕಟ್ಟುತ್ತದೆ. ತಿಕ್ಕಿ ತೆಗೆಯದಿದ್ದರೆ ಮುಂದೆ ಮ್ಯಾಗ್ನಮ್ ಕಾಡತೂಸು ಒಳಗೇ ಹೋಗುವುದಿಲ್ಲ. ಇದನ್ನು ತಪ್ಪಿಸೋಕೆ ಮ್ಯಾಗ್ನಮ್ ಕೊಳವೆಯಲ್ಲೇ ವಾಡ್‌ಕಟರ್ ತುಂಬಿಕೊಳ್ಳುವವರೂ ಇದ್ದಾರೆ.

ಸರಿ, ಕಾಗದದ ಮೇಲೆ ಏನಾಗುತ್ತೆ? ಅಮೆರಿಕದ ಬುಲ್ಸ್‌ಐ ಪಂದ್ಯದಲ್ಲಿ ಹತ್ತು ಅಂಕದ ವೃತ್ತ 3.36 ಇಂಚು, ಅಂದರೆ ಎಂಟೂವರೆ ಸೆಂಟಿಮೀಟರ್. ಅದರೊಳಗೆ ಇನ್ನೊಂದು ಪುಟ್ಟ ಎಕ್ಸ್ ವೃತ್ತ, ಅದರ ಅರ್ಧದಷ್ಟು. ದೂರ ಐವತ್ತು ಗಜ. ಮರಳು ಚೀಲದ ಮೇಲೆ ಕೈ ಊರಿ, ನನ್ನ ಕೆ-38ರಲ್ಲೂ ಗೆಳೆಯರೊಬ್ಬರ 686ರಲ್ಲೂ ಒಂದೇ ಡಬ್ಬಿಯ ವಾಡ್‌ಕಟರ್ ಹೊಡೆದು ನೋಡಿದ್ದೇವೆ. ಎರಡೂ ಹತ್ತರ ವೃತ್ತದೊಳಗೇ ಕೂರಿಸಿದವು. ಆ ಕಾಗದಗಳನ್ನು ಅದಲು ಬದಲು ಮಾಡಿಟ್ಟರೆ ಯಾವುದು ಯಾವುದರದ್ದು ಅಂತ ನಾನಂತೂ ಹೇಳಲಾರೆ. ಬೇರೆ ಕಂಪನಿಯ ಕಾಡತೂಸು ಹಾಕಿದಾಗ ಎರಡರ ಗುರಿಯೂ ಕೆಟ್ಟಿತು. ಕಾಡತೂಸು ಬದಲಾದಾಗ ಆದಷ್ಟು ವ್ಯತ್ಯಾಸ ರಿವಾಲ್ವರ್ ಬದಲಾದಾಗ ಆಗಲಿಲ್ಲ.

ಹಾಗಿದ್ದರೆ ಹಳೇದರ ಬಗ್ಗೆ ಇಷ್ಟು ಹೊಗಳಿಕೆ ಯಾಕೆ? ಟ್ರಿಗರ್. ಚೀಲ ತೆಗೆದು, ಎದ್ದು ನಿಂತು, ಒಂದೇ ಕೈಯಲ್ಲಿ ಹಿಡಿದಾಗ ಇದು ಗೊತ್ತಾಗೋದು. ಬುಲ್ಸ್‌ಐಯಲ್ಲಿ ಒಂದೇ ಕೈ. ಇನ್ನೊಂದು ಕೈ ಜೇಬಿನಲ್ಲಿ. ಹೆಬ್ಬೆರಳಿನಿಂದ ಹ್ಯಾಮರ್ (ಕಾಡತೂಸನ್ನು ಸಿಡಿಸಲು ಬಡಿಯುವ ಹಿಂದಿನ ಭಾಗ) ಎಳೆದು, ಗುರಿ ನೋಡುವ ಸೈಟ್ ಸರಿ ಮಾಡಿಕೊಂಡು ಒತ್ತುತ್ತಾ ಹೋದರೆ, ಒಳ್ಳೆಯ ಹಳೇ ಸ್ಮಿತ್‌ನ ಟ್ರಿಗರ್ ಸ್ವಲ್ಪವೂ ಅಲುಗಾಡದೆ ಟಕ್ ಅಂತ ಬಿಡುತ್ತದೆ. ಎಲ್ಲೂ ತೆವಳುವುದಿಲ್ಲ. ಯುದ್ಧದ ನಂತರ ಕಂಪನಿ ಹ್ಯಾಮರ್ ಓಡುವ ದೂರವನ್ನೂ ಕಡಿಮೆ ಮಾಡಿತು. ಟ್ರಿಗರ್ ಬಿಟ್ಟ ಮೇಲೆ ಗುಂಡು ಸಿಡಿಯೋ ತನಕ ಕೈ ಅಲುಗಲು ಸಮಯ ಸಿಗಬಾರದು, ಅದಕ್ಕೆ.

ಆ ಕಾಲದವರು ಯಾವ ಮಟ್ಟಕ್ಕೆ ಯೋಚನೆ ಮಾಡುತ್ತಿದ್ದರು ಅನ್ನೋದಕ್ಕೆ ಒಂದು ವಿಷಯ ಹೇಳಬೇಕು. ಸ್ಮಿತ್‌ನವರು ಕೆ-22, ಕೆ-32, ಕೆ-38 ಅಂತ ಮೂರು ಅಳತೆಯಲ್ಲಿ ಒಂದೇ ರಿವಾಲ್ವರ್ ಮಾಡಿದರು. ನಳಿಗೆಯ ತೂತು ಚಿಕ್ಕದಾದಷ್ಟೂ ಉಕ್ಕು ಜಾಸ್ತಿ ಉಳಿಯುತ್ತೆ, ತೂಕ ಹೆಚ್ಚುತ್ತೆ ಅಲ್ವಾ? ಅದಕ್ಕೆ ನಳಿಗೆಯ ಮೇಲಿನ ಪಟ್ಟಿಯನ್ನು .22ಕ್ಕೆ ಕಿರಿದಾಗಿ, .38ಕ್ಕೆ ಅಗಲವಾಗಿ ಕೊಯ್ದರು. ಗುಂಡು ತುಂಬಿದ ಮೇಲೆ ಮೂರೂ 38.5 ಔನ್ಸ್, ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದರೆ ಕೈಗೆ ಬದಲಾದದ್ದೇ ತಿಳಿಯಬಾರದು ಅಂತ. ಇಂಥ ಕೆಲಸಕ್ಕೆ ಈಗ ಯಾವ ಲೆಕ್ಕಿಗನೂ ಒಪ್ಪಿಗೆ ಕೊಡಲಾರ.

ಆದರೆ ಹಳೇದೆಲ್ಲ ಚಿನ್ನ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಆಗಿನವರೇ ತಮ್ಮ ರಿವಾಲ್ವರ್‌ಗಳಲ್ಲಿ ಕುಂದು ಕಂಡುಕೊಂಡಿದ್ದರು. ಗುಂಡು ನೆಟ್ಟಗೆ ಹೋಗಲಿ ಅಂತ ಅದನ್ನು ತಿರುಗಿಸುವ ಸುರುಳಿ ಗೆರೆ ಸ್ಮಿತ್ ನಳಿಗೆಯಲ್ಲಿ 18¾ ಇಂಚಿಗೆ ಒಂದು ಸುತ್ತು. ನಿಧಾನ ಸುತ್ತು. ಉದ್ದನೆಯ ವಾಡ್‌ಕಟರ್ ಐವತ್ತು ಗಜ ದಾಟಿದ ಮೇಲೆ ತೂರಾಡಲು ಶುರು ಮಾಡಬಹುದು. ಪೈಥಾನ್‌ನ ನಳಿಗೆ 14 ಇಂಚಿಗೆ ಒಂದು ಸುತ್ತು, ಅದೂ ಎಡಕ್ಕೆ. ನಳಿಗೆ ಪೈಥಾನ್‌ದು ಚೆನ್ನ, ಒಳಗಿನ ಟ್ರಿಗರ್ ಕೆಲಸ ಸ್ಮಿತ್‌ದು ಚೆನ್ನ ಅಂತ ಪೊಲೀಸ್ ಪಂದ್ಯಗಳಿಗೆ ಹೋಗುವವರು ತೀರ್ಮಾನಿಸಿದರು. ಬಂದೂಕು ರಿಪೇರಿ ಮಾಡುವ ಕುಶಲಿಗಳು ಸ್ಮಿತ್ ಚೌಕಟ್ಟಿಗೆ ಪೈಥಾನ್ ನಳಿಗೆ ಕೂರಿಸಿಕೊಟ್ಟರು. ಅದಕ್ಕೆ ಸ್ಮೈಥಾನ್ ಅಂತಲೇ ಹೆಸರು ಬಿತ್ತು. ಎರಡೂ ಕಂಪನಿಯವರಿಗೆ ಹೇಗನ್ನಿಸಿತೋ ಏನೋ.

ಪೈಥಾನ್‌ನ ಇನ್ನೊಂದು ಸಂಗತಿ. ಹಳೇ ಕೋಲ್ಟ್‌ನಲ್ಲಿ ಟ್ರಿಗರ್ ಪೂರ್ತಿ ಒತ್ತಿದಾಗ ಒಳಗಿನ ತುಣುಕೊಂದು ಸಿಲಿಂಡರನ್ನು ಅಲುಗಾಡದ ಹಾಗೆ ಅದುಮಿ ಹಿಡಿಯುತ್ತದೆ. ಗುಂಡು, ನಳಿಗೆ ಒಂದೇ ಸಾಲಿಗೆ ಬರಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಪ್ರತಿ ಗುಂಡಿಗೂ ಆ ತುಣುಕು ಸವೆಯುತ್ತದೆ. ಸವೆದರೆ ಸಿಲಿಂಡರ್ ಸರಿಯಾದ ಜಾಗಕ್ಕೆ ಬರುವ ಮೊದಲೇ ಹ್ಯಾಮರ್ ಬೀಳುತ್ತದೆ. ರಿಪೇರಿ ಬಲ್ಲ ಕೈಗಳು ಈಗ ಕಡಿಮೆ. 2020ರ ಪೈಥಾನ್ ಹೊರಗಿಂದ ಅದೇ ಮುಖ, ಒಳಗೆ ಬೇರೆ ಯಂತ್ರ. ಭಾಗಗಳು ಕಡಿಮೆ, ಹಿಂದಿನ ಸೈಟ್ ಕೆಳಗೆ ಉಕ್ಕು ಜಾಸ್ತಿ. ಹಳೇದರ ಪಾಲಿಶ್ ಇದಕ್ಕಿಲ್ಲ, ಒಪ್ಪಿದೆ. ಆದರೆ ವಾರ ವಾರ ಹೊಡೆಯುವವನಿಗೆ ನಾನು ಹೊಸದನ್ನೇ ಹೇಳೋದು.

ಮ್ಯಾಗ್ನಮ್ ಹೊಡೆಯುತ್ತೇನೆ ಅನ್ನುವವರಿಗಂತೂ ಪ್ರಶ್ನೆಯೇ ಇಲ್ಲ. ಸ್ಮಿತ್‌ನ ಹಳೇ ಕೆ ಚೌಕಟ್ಟಿನ (ಕೆ-38ರ ಅಳತೆಯದೇ) ಮ್ಯಾಗ್ನಮ್‌ಗಳಲ್ಲಿ ನಳಿಗೆಯ ಹಿಂತುದಿ ಕೆಳಗಡೆ ತೆಳ್ಳಗಿರುತ್ತದೆ. ಹಗುರ ಗುಂಡಿನ ಬಿಸಿ ಮ್ಯಾಗ್ನಮ್ ಕಾಡತೂಸುಗಳಿಂದ ಅಲ್ಲಿ ಬಿರುಕು ಬಿಟ್ಟದ್ದುಂಟು. ಸ್ವಲ್ಪ ದೊಡ್ಡ ಎಲ್ ಚೌಕಟ್ಟಿನ 686 ಬಂದದ್ದೇ ಆ ತೊಂದರೆಗೆ ಉತ್ತರವಾಗಿ.

ಇನ್ನು ವೇಗ. ಹೊಸದು ಬೇಗ ಅಂತ ಎಲ್ಲರೂ ಅಂದುಕೊಂಡಿದ್ದಾರೆ. 1932ರಲ್ಲಿ ಅಮೆರಿಕದ ಗುರಿಕಾರ ಎಡ್ ಮೆಕ್‌ಗಿವರ್ನ್ ಸ್ಮಿತ್‌ನ .38 ರಿವಾಲ್ವರಿನಿಂದ ಐದು ಗುಂಡುಗಳನ್ನು 0.45 ಸೆಕೆಂಡಿನಲ್ಲಿ ಹೊಡೆದರು. 1999ರಲ್ಲಿ ಜೆರ್ರಿ ಮಿಕ್ಯುಲೆಕ್ ಆರು ಹೊಡೆದು, ಮತ್ತೆ ತುಂಬಿ, ಇನ್ನಾರು ಹೊಡೆದದ್ದು 2.99 ಸೆಕೆಂಡಿನಲ್ಲಿ. ಅವರದ್ದು .45ರ ಸ್ಮಿತ್ 625. ಆರೂ ಕಾಡತೂಸನ್ನು ಒಂದೇ ತಗಡಿನ ಚಂದ್ರಾಕಾರದ ಕ್ಲಿಪ್‌ನಲ್ಲಿ ಹಿಡಿದು ಒಮ್ಮೆಗೇ ಬೀಳಿಸುವ ವ್ಯವಸ್ಥೆ. ಬೆರಳಿನ ವೇಗಕ್ಕೆ ಹಳೇ ಯಂತ್ರ ಅಡ್ಡಿಯೇನೂ ಆಗಿರಲಿಲ್ಲ. ಮತ್ತೆ ತುಂಬೋದರಲ್ಲಿ ಮಾತ್ರ ಆ ಕ್ಲಿಪ್ಪಿನ ರಿವಾಲ್ವರ್ ಮುಂದೆ.

ಪಂದ್ಯಗಳಿಂದ ರಿವಾಲ್ವರ್ ಹೊರಗೆ ಹೋದದ್ದೂ ಗುರಿ ಕೆಟ್ಟು ಅಲ್ಲ. ಬುಲ್ಸ್‌ಐಯಲ್ಲಿ ಒಂದು ಸುತ್ತಿಗೆ ಇಪ್ಪತ್ತು ಸೆಕೆಂಡಿನಲ್ಲಿ ಐದು ಗುಂಡು, ಇನ್ನೊಂದಕ್ಕೆ ಹತ್ತೇ ಸೆಕೆಂಡು. ಒಂದೇ ಕೈಯಲ್ಲಿ ಪ್ರತಿ ಸಲ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕು. ಎಳೆದಾಗೆಲ್ಲ ಹಿಡಿತ ಸ್ವಲ್ಪ ಜಾರುತ್ತದೆ. 1961ರಲ್ಲಿ ಸ್ಮಿತ್‌ನವರೇ ಇದೇ ವಾಡ್‌ಕಟರ್ ಹೊಡೆಯುವ ಮಾಡೆಲ್ 52 ಅನ್ನುವ ಆಟೋಮ್ಯಾಟಿಕ್ ಪಿಸ್ತೂಲು ತಂದರು. ಅದರಲ್ಲಿ ಒಂದು ಗುಂಡು ಹೊಡೆದ ಮೇಲೆ ಹ್ಯಾಮರ್ ತಾನೇ ಹಿಂದೆ ಹೋಗಿ ನಿಲ್ಲುತ್ತದೆ. ಅಲ್ಲಿಗೆ ರಿವಾಲ್ವರ್ ಕಥೆ ಮುಗಿಯುತ್ತಾ ಬಂತು. ನಮ್ಮವರಿಗೆ ಗೊತ್ತಿರುವ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆ ಇದೆಯಲ್ಲ, ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು, ಅಲ್ಲೂ ರಿವಾಲ್ವರ್ ತರಬಾರದು ಅಂತೇನಿಲ್ಲ. ಆದರೂ ಈಗ ಹೆಚ್ಚುಕಡಿಮೆ ಎಲ್ಲರ ಕೈಯಲ್ಲೂ .32ರ ಆಟೋಮ್ಯಾಟಿಕ್. ಗುಂಡು ಮಾತ್ರ ಅದೇ ಚಪ್ಪಟೆ ಮೂತಿಯ ವಾಡ್‌ಕಟರ್.

ಹೊಸದರ ದೊಡ್ಡ ಅನುಕೂಲ ನನ್ನ ಪ್ರಕಾರ ಯಂತ್ರದಲ್ಲಿ ಇಲ್ಲ, ಸೈಟ್‌ನಲ್ಲಿದೆ. ಚಾಳೀಸು ಬಂದ ಮೇಲೆ ಕಪ್ಪು ಮುಂದಿನ ಸೈಟ್, ಹಿಂದಿನ ಸಂದು, ದೂರದ ಕಪ್ಪು ವೃತ್ತ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡೋದು ಆಗದ ಮಾತು. ಹಲವು ಹೊಸ ರಿವಾಲ್ವರ್‌ಗಳಲ್ಲಿ ಮೇಲ್ಗಡೆ ಸ್ಕ್ರೂ ತೂತುಗಳು ಬಂದಿರುತ್ತವೆ. ಕೆಂಪು ಚುಕ್ಕೆಯ ಸೈಟ್ ಕೂರಿಸಿದರೆ ಆಯಿತು, ಚುಕ್ಕೆಯೊಂದನ್ನೇ ಗುರಿಯ ಮೇಲಿಟ್ಟರೆ ಸಾಕು. ಹಳೇ ಕೆ-38ಕ್ಕೆ ಯಾರಾದರೂ ತೂತು ಕೊರೆದಿದ್ದರೆ ಅದರ ಬೆಲೆ ಅಲ್ಲೇ ಇಳಿಯಿತು ಅಂತ ಲೆಕ್ಕ. ಕೊರೆಯಬೇಡಿ. ಕೊರೆದದ್ದು ಸಿಕ್ಕರೆ ಮಾತ್ರ ಸುಮ್ನೆ ಕೊಂಡುಬಿಡಿ, ಅಗ್ಗಕ್ಕೆ ಒಳ್ಳೇ ರಿವಾಲ್ವರ್ ಸಿಕ್ಕ ಹಾಗೆ.

ಕೊಳ್ಳುವ ಮೊದಲು ಇಸವಿ ನೋಡಬೇಡಿ, ಸಿಲಿಂಡರ್ ನೋಡಿ. ರಿವಾಲ್ವರ್ ಖಾಲಿ ಇದೆಯಾ ಅಂತ ಖಚಿತ ಮಾಡಿಕೊಂಡು, ಸೀಸದ ಗುಂಡೊಂದನ್ನು ಸಿಲಿಂಡರಿನ ಮುಂಬಾಯಿಗೆ ಇಟ್ಟು ಬೆರಳಿನಿಂದ ಒತ್ತಿ. ಆರೂ ತೂತುಗಳಲ್ಲಿ ಒಂದೇ ಬಿಗಿಯಲ್ಲಿ ಜಾರಬೇಕು. ಒಂದರಲ್ಲಿ ಬೊಳಕ್ಕನೆ ಬಿದ್ದು ಇನ್ನೊಂದರಲ್ಲಿ ಸಿಕ್ಕಿಕೊಂಡರೆ ಆ ರಿವಾಲ್ವರ್ ಎಂದೂ ಆರನ್ನೂ ಒಂದೇ ಕಡೆ ಕೂರಿಸುವುದಿಲ್ಲ. ಇಲ್ಲಿ ಹೊಸದಕ್ಕೆ ಸ್ವಲ್ಪ ಲಾಭ. ಆಗ ಅರ ಹಿಡಿದ ಕೆಲಸಗಾರ ಒಳ್ಳೆಯವನಾದರೆ ಒಳ್ಳೇದು ಬಂತು. ಈಗಿನ ಕಂಪ್ಯೂಟರ್ ಯಂತ್ರ ತಿಂಗಳುಗಟ್ಟಲೆ ಒಂದೇ ಅಳತೆ ಕೊಯ್ಯುತ್ತದೆ. ಅದ್ಭುತವಾದದ್ದು ಅಪರೂಪ, ತೀರಾ ಕೆಟ್ಟದ್ದೂ ಅಪರೂಪ.

ಆಮೇಲೆ ಸಿಲಿಂಡರಿನ ಮೇಲೆ ಒಂದು ಬೆರಳು ಹಗುರವಾಗಿ ಇಟ್ಟು ಹ್ಯಾಮರನ್ನು ನಿಧಾನಕ್ಕೆ ಎಳೆಯಿರಿ. ಹ್ಯಾಮರ್ ನಿಲ್ಲುವಷ್ಟರಲ್ಲಿ ಸಿಲಿಂಡರೂ ಕ್ಲಿಕ್ ಅಂತ ಕಚ್ಚಿ ನಿಂತಿರಬೇಕು. ಆರೂ ಸಲ. ನಿಲ್ಲದಿದ್ದರೆ, ಮಾರುವವರು ಎಷ್ಟೇ ಸವಿಯಾಗಿ ಮಾತಾಡಿದರೂ ಕೆಳಗಿಟ್ಟು ಬನ್ನಿ.

ನಿಂತರೆ, ಮುಂದಿನ ಪ್ರಶ್ನೆ ನಿಮ್ಮ ಊರಿನ ಅಂಗಡಿಯಲ್ಲಿ ವಾಡ್‌ಕಟರ್ ಸಿಗುತ್ತದಾ ಅನ್ನೋದು. ಸಿಗುತ್ತೆ, ಇಲ್ಲಾ ನೀವೇ ತುಂಬಿಕೊಳ್ಳುತ್ತೀರಿ ಅಂತಾದರೆ ಕೆ-38 ಕೊಳ್ಳಿ. ಇಲ್ಲ ಅಂದರೆ 686 ಸಾಕು.