ಆಯಿ ಕಿವಿಯಲ್ಲಿ ಅಡಿಕೆ ಹಿಡಿದಳು

ಮೂರು ತಿಂಗಳಿಂದ ನಾನು ಒಂದೇ ಕೆಲಸದ ಹಿಂದೆ ಬಿದ್ದಿದ್ದೇನೆ. ರೋಬೋಟ್ ತೋಳಿನಿಂದ ಒಂದು ಚಾಲಿ ಅಡಿಕೆ (ಬಿಸಿಲಲ್ಲಿ ಒಣಗಿಸಿ ಸುಲಿದದ್ದು) ಎತ್ತಿ ಪಕ್ಕದ ಬುಟ್ಟಿಗೆ ಹಾಕಬೇಕು. ಅಷ್ಟೇ.

ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಇಡುತ್ತಿದ್ದ ಮೂಲೆಯಲ್ಲೇ ತೋಳನ್ನು ಹಲಗೆಗೆ ಬಿಗಿದು ಕೂರಿಸಿದ್ದೇನೆ. ಎಸ್‌ಓ-101 ಅಂತ ಅದರ ಹೆಸರು. ವಿನ್ಯಾಸ ಎಲ್ಲರಿಗೂ ಮುಕ್ತ. ಭಾಗಗಳನ್ನು ತ್ರೀಡಿ ಪ್ರಿಂಟ್ ಮಾಡಿ ಆರು ಸರ್ವೋ ಮೋಟಾರ್ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟಾರ್) ಜೋಡಿಸಬೇಕು. ಐದು ಕೀಲಿಗೆ ಐದು, ಚಿಮಟಕ್ಕೆ ಒಂದು. ಕಣ್ಣ ಮುಂದೆ ಪರದೆ ಇರುವ ವಿಆರ್ ಹೆಡ್‌ಸೆಟ್ ತಲೆಗೆ ಹಾಕಿ ಕಂಟ್ರೋಲರ್ ಹಿಡಿದು ಕೈ ಆಡಿಸಿದರೆ ತೋಳೂ ಹಾಗೇ ಆಡುತ್ತೆ. ಕಂಟ್ರೋಲರ್ ಒಳಗೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ದೀಪಗಳಿವೆ. ಹೆಡ್‌ಸೆಟ್‌ನ ಕ್ಯಾಮೆರಾ ಅವನ್ನು ನೋಡಿ ಕೈ ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಹೇಳುತ್ತೆ. ಅಲ್ಲಿಗೆ ತಲುಪಲು ಯಾವ ಕೀಲು ಎಷ್ಟು ಬಾಗಬೇಕು ಅನ್ನೋ ಲೆಕ್ಕ ಕಂಪ್ಯೂಟರಿನದು. ಇನ್ವರ್ಸ್ ಕೈನೆಮ್ಯಾಟಿಕ್ಸ್ ಅಂತಾರೆ.

ನನಗೆ ತುಂಬಾ ಇಷ್ಟವಾದದ್ದು ಕಂಟ್ರೋಲರಿನ ಗ್ರಿಪ್ ಬಟನ್. ಒತ್ತಿ ಹಿಡಿದಷ್ಟು ಹೊತ್ತು ತೋಳು ನಮ್ಮ ಕೈ ಹಿಂದೆ ಬರುತ್ತೆ. ಬಿಟ್ಟರೆ ಇದ್ದಲ್ಲೇ ನಿಲ್ಲುತ್ತೆ. ಆಗ ಕೈಯನ್ನು ಆರಾಮಾಗಿ ಹಿಂದೆ ತಂದು ಮತ್ತೆ ಒತ್ತಬಹುದು. ಮೇಜಿನ ಅಂಚಿಗೆ ಬಂದ ಮೌಸನ್ನು ಎತ್ತಿ ಈಚೆ ಇಡ್ತೇವಲ್ಲ, ಹಾಗೆ.

ಕಷ್ಟ ಇರೋದು ಹಿಡಿಯೋದರಲ್ಲಿ. ಚಿಮಟಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೆ. ಆದರೂ ಕಮ್ಮಿ ಒತ್ತಿದರೆ ಅಡಿಕೆ ಎತ್ತುವಾಗ ಜಾರುತ್ತೆ, ಜಾಸ್ತಿ ಒತ್ತಿದರೆ ಪುಟಿದು ಅಂಗಳಕ್ಕೆ ಹಾರುತ್ತೆ. ಎಷ್ಟು ಒತ್ತಿದ್ದೇನೆ ಅಂತ ನನ್ನ ಬೆರಳಿಗೆ ಗೊತ್ತೇ ಆಗೋದಿಲ್ಲ. ಹತ್ತಕ್ಕೆ ನಾಲ್ಕು ಎತ್ತಿದರೆ ಹೆಚ್ಚು.

ಒಂದು ದಿನ ಆಯಿ, ಅಂದರೆ ನನ್ನ ಅಮ್ಮ, ತಾನೂ ನೋಡ್ತೇನೆ ಅಂದಳು. ಅಡಿಕೆ ಆರಿಸುವಾಗ ಕೂರುವ ಹಾಗೇ ಚಕ್ಕಳಮಕ್ಕಳ ಹಾಕಿ ಕೂತಳು. ಕೈ ಮೊಣಕಾಲಿನ ಹಿಂದೆ ಮರೆಯಾದ ಕೂಡಲೇ ಕ್ಯಾಮೆರಾಕ್ಕೆ ಕಂಟ್ರೋಲರ್ ಕಾಣಲಿಲ್ಲ. ತೋಳು ಒಮ್ಮೆಲೇ ಎಗರಿ ಬುಟ್ಟಿ ಮಗುಚಿತು. ನನ್ನ ಎದೆ ಧಸಕ್ಕೆಂದಿತು. ಒಂದೇ ಸಲಕ್ಕೆ ಐದು ಸೆಂಟಿಮೀಟರಿಗಿಂತ ಜಾಸ್ತಿ ಜಿಗಿದರೆ ತೋಳು ನಿಲ್ಲಬೇಕು ಅಂತ ಅವತ್ತೇ ಕೋಡಿನಲ್ಲಿ ಬರೆದೆ. ಇದನ್ನು ಮೊದಲ ದಿನವೇ ಬರೆಯಬೇಕಿತ್ತು. ಇಂಥ ತೋಳು ಕಟ್ಟುವವರು ದಯವಿಟ್ಟು ಮರೆಯಬೇಡಿ.

ಮರುದಿನ ಆಯಿಯನ್ನು ಮಣೆ ಮೇಲೆ ಕೂರಿಸಿದೆ. ನಾಲ್ಕನೇ ಅಡಿಕೆಯಿಂದ ಅವಳಿಗೆ ಒಂದೂ ಜಾರಲಿಲ್ಲ! ಹೇಗೆ ಅಂತ ಕೇಳಿದೆ.

"ಹಿಡ್ಕಂಡ ಮೇಲೆ ಅದ್ರ ದನಿ ಬದ್ಲಾಗ್ತು ತಮಾ. ಕೇಳ್ತಿಲ್ಯಾ?"

ನಾನು ಕೇಳಿರಲೇ ಇಲ್ಲ. ಕಿವಿಗೊಟ್ಟೆ. ಚಿಮಟ ಮುಚ್ಚುವಾಗ ಸಣ್ಣಗೆ ಜೀ ಅನ್ನುವ ಮೋಟಾರ್, ಅಡಿಕೆ ಸಿಕ್ಕಿದ ಕ್ಷಣ ದಪ್ಪಗೆ ಗುಂಯ್ ಅನ್ನುತ್ತೆ. ಆಯಿ ಅಲ್ಲಿಗೇ ಬೆರಳು ನಿಲ್ಲಿಸುತ್ತಿದ್ದಳು. ಅಡಿಕೆಯನ್ನು ಚಾಲಿ, ಕೋಕಾ, ಬಿಳಿಗೋಟು ಅಂತ ದರ್ಜೆವಾರು ಆರಿಸುವಾಗಲೂ ಅವಳು ಅಡಿಕೆ ಬುಟ್ಟಿಗೆ ಬೀಳುವ ಸದ್ದು ಕೇಳ್ತಾಳೆ, ಟೊಳ್ಳನ್ನು ಹಾಗೇ ಪತ್ತೆ ಮಾಡ್ತಾಳೆ.

ದೂರದ ಕೈಗೆ ಸ್ಪರ್ಶ ಬೇಕು ಅನ್ನೋದು ಹಳೆಯ ಮಾತು. 1940ರ ದಶಕದ ಕೊನೆಗೆ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ ವಿಕಿರಣದ ವಸ್ತುಗಳನ್ನು ಎತ್ತಲು ಜೋಡಿ ತೋಳು ಮಾಡಿದರು. ಗೋಡೆಯ ಈಚೆ ಒಂದು, ಆಚೆ ಒಂದು. ಎರಡನ್ನೂ ಯಂತ್ರದ ಕೊಂಡಿಗಳೇ ಜೋಡಿಸಿದ್ದರಿಂದ ಆಚೆಯ ಭಾರ ಈಚೆಯ ಕೈಗೆ ತಿಳಿಯುತ್ತಿತ್ತು. ನಮ್ಮ ಜಿಲ್ಲೆಯ ಕೈಗಾದಲ್ಲೂ ರಿಯಾಕ್ಟರಿಗೆ ಇಂಧನ ತುಂಬುವುದು ದೂರದಿಂದ ನಡೆಸುವ ಯಂತ್ರವೇ. ನನ್ನ ತೋಳಿನಲ್ಲಿ ಮಾತ್ರ ವೈಫೈ ಮೇಲೆ ಸಂಖ್ಯೆಗಳು ಹೋಗುತ್ತವೆ, ಭಾರ ವಾಪಸ್ ಬರೋದಿಲ್ಲ.

ತೋಳನ್ನು ಅಟ್ಟಕ್ಕೆ ಒಯ್ದು, ಆಯಿಯನ್ನು ಜಗಲಿಯಲ್ಲೇ ಕೂರಿಸಿ ನೋಡಿದೆ. ಹೆಡ್‌ಸೆಟ್‌ನಲ್ಲಿ ಬರೀ ವಿಡಿಯೋ. ಅಡಿಕೆ ಮತ್ತೆ ಹಾರತೊಡಗಿತು. ಆಮೇಲೆ ಚಿಮಟದ ಮೋಟಾರಿಗೆ ಒಂದು ಸಣ್ಣ ಮೈಕ್ ಟೇಪ್ ಹಚ್ಚಿ ಅಂಟಿಸಿದೆ. ವಿಡಿಯೋ ಸುಮಾರು 200 ಮಿಲಿಸೆಕೆಂಡ್ ತಡ, ದನಿ ಅದಕ್ಕಿಂತ ಮೊದಲೇ ಬಂದು ಮುಟ್ಟುತ್ತಿತ್ತು. ಇಪ್ಪತ್ತರಲ್ಲಿ ಹದಿನೇಳು ಎತ್ತಿದಳು.

ಸರ್ವೋ ತನ್ನ ಮೇಲಿನ ಹೊರೆಯನ್ನು ಸಂಖ್ಯೆಯಲ್ಲಿ ಹೇಳುತ್ತೆ. ಅದನ್ನು ಕಂಟ್ರೋಲರಿನ ನಡುಕವಾಗಿಯೂ ಮಾಡಿದೆ. ನನಗೆ ಅದರಿಂದ ಬಹಳ ಅನುಕೂಲವಾಯಿತು. ಆಯಿ ಎರಡು ಸಲ ಹಿಡಿದು ನೋಡಿದಳು. "ಕೈ ನಡುಗದು ಬ್ಯಾಡ, ದನಿ ಸಾಕು" ಅಂದಳು. ಅವಳು ಕೂರುವಾಗ ನಡುಕ ಬಂದ್ ಮಾಡಿ, ಮೈಕಿನ ದನಿ ಸ್ವಲ್ಪ ಜಾಸ್ತಿ ಇಡ್ತೇನೆ.