ಅರ್ಧದಲ್ಲಿ ನಿಲ್ಲಿಸುವ ಹಕ್ಕು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಡೆಸುವ ಹಿರಿಯರೊಬ್ಬರು ಲೆಕ್ಕಕ್ಕೆ ಸಾಫ್ಟ್‌ವೇರ್ ಬರೆದುಕೊಡಬೇಕೆಂದು ನನ್ನನ್ನು ಕರೆಸಿದ್ದರು. ಹಿಂದೆ ಯಾರಿಗೋ ಅರ್ಧ ಹಣ ಮುಂಗಡ ಕೊಟ್ಟು, ಕೊನೆಗೆ ಅವರ ಕೈಗೆ ಸಿಕ್ಕಿದ್ದು ಒಂದು ಲಾಗಿನ್ ಪರದೆ. "ಮೇಸ್ತ್ರಿಗೆ ಪಾಯಕ್ಕಿಷ್ಟು, ಲಿಂಟಲ್‌ಗಿಷ್ಟು ಅಂತ ಕೊಡ್ತೀವಪ್ಪಾ. ನಿಮಗ್ಯಾಕೆ ಮೊದಲೇ ಸುರೀಬೇಕು?" ಅಂದರು.

ನ್ಯಾಯವಾದ ಪ್ರಶ್ನೆ. ಆದರೆ ಪಾಯದಲ್ಲಿ ಯಾರೂ ಸಂಸಾರ ಮಾಡಲಾಗದು. ವಿನ್ಯಾಸಕ್ಕಿಷ್ಟು, ಕೋಡಿಂಗ್‌ಗಿಷ್ಟು ಎಂದು ಹಂಚಿದರೆ ಹಣ ಕಂತಿನಲ್ಲಿ ಹೋಗುತ್ತದೆ, ಅಪಾಯ ಹಾಗೇ ಉಳಿಯುತ್ತದೆ. ಒಂದೊಂದು ಭಾಗವೂ ತನ್ನಷ್ಟಕ್ಕೆ ಬಳಕೆಗೆ ಬರಬೇಕು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ, ಸಾಫ್ಟ್‌ವೇರ್ ಹೇಗೆ ಕಟ್ಟಬೇಕೆಂದು ಬರೆದ ಅಜೈಲ್ ಪ್ರಣಾಳಿಕೆಯ ತತ್ವಗಳಲ್ಲಿ ಇದೂ ಇದೆ: ಓಡುವ ಸಾಫ್ಟ್‌ವೇರನ್ನು ಎರಡು ವಾರದಿಂದ ಎರಡು ತಿಂಗಳೊಳಗೆ ಕೊಡುತ್ತಾ ಹೋಗಿ, ಅವಧಿ ಕಡಿಮೆಯಾದಷ್ಟೂ ಒಳ್ಳೆಯದು. ನಾವು ಹಣವನ್ನೂ ಅದಕ್ಕೇ ಕಟ್ಟಿಹಾಕಿದೆವು. ಪ್ರತಿ ಭಾಗಕ್ಕೂ ಬೇರೆ ಒಪ್ಪಂದ, ಬೇರೆ ದರ. ಮಂಡಿಯಲ್ಲಿ ಬಳಸಿ ನೋಡಿದ ಮೇಲೆ ಹಣ. ಕೋಡೂ ದತ್ತಾಂಶವೂ ಅವರದೇ. ಯಾವ ಭಾಗ ಮುಗಿದ ಮೇಲೂ ಕಾರಣ ಹೇಳದೆ ನಿಲ್ಲಿಸಬಹುದು.

ಮೊದಲ ಭಾಗ ರೈತರ ಬಿಲ್. ಹರಾಜು ಕೂಗುವ ಹೊತ್ತಿಗೆ ಗುಮಾಸ್ತರ ಪಕ್ಕ ಕೂತೆ. 15 ಕೆಜಿ ಬಾಕ್ಸುಗಳ ಸಾಲು, ಬಾಕ್ಸಿನ ಎಣಿಕೆ, ದರ, ಅದರಲ್ಲಿ ಕಮಿಷನ್, ಹಮಾಲಿ, ಟೆಂಪೊ ಬಾಡಿಗೆ ಕಳೆದು ಉಳಿದದ್ದು ರೈತನಿಗೆ. ಒಬ್ಬ ರೈತರ ಮಾಲಿನಲ್ಲಿ ಗಟ್ಟಿ ಹಣ್ಣಿಗೊಂದು ದರ ಬಿತ್ತು, ಮೆತ್ತಗಾದದ್ದಕ್ಕೆ ಇನ್ನೊಂದು. ಮಾತುಕತೆಯಲ್ಲಿ ಈ ವಿಷಯ ಬಂದೇ ಇರಲಿಲ್ಲ. ಗುಮಾಸ್ತರಿಗೆ ಅದು ಹೇಳುವಂಥ ಸಂಗತಿಯೇ ಅಲ್ಲ, ದಿನಾ ಮಾಡುವ ಕೆಲಸ. ಇಡೀ ಯೋಜನೆ ಮುಗಿದ ಮೇಲೆ ಇದು ಹೊರಬಿದ್ದಿದ್ದರೆ ಅಡಿಯಿಂದ ತಿದ್ದಬೇಕಿತ್ತು, ಖರ್ಚು ಯಾರದೆಂಬ ಜಗಳ ಬೇರೆ. ಮೊದಲ ಭಾಗದಲ್ಲೇ ಗೊತ್ತಾದ್ದರಿಂದ ಒಂದು ಸಂಜೆಯ ಕೆಲಸದಲ್ಲಿ ಮುಗಿಯಿತು.

ಎರಡನೆಯದು ರೈತರಿಗೆ ಮೊಬೈಲ್ ಆ್ಯಪ್ ಅಂತ ಮಾತಾಗಿತ್ತು. ಆದರೆ ಬಿಲ್ ಕೈಗೆ ಬಂದವರೆಲ್ಲ ಅದರ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಮನೆಗೆ ಕಳಿಸುತ್ತಿದ್ದರು. "ಅಣ್ಣಾ, ಆ್ಯಪ್ ಬೇಡ, ಬಿಲ್ಲನ್ನೇ ವಾಟ್ಸ್ಆ್ಯಪ್‌ಗೆ ಕಳಿಸೋಣ" ಅಂದೆ. ಒಪ್ಪಿದರು. ಕೆಲಸ ಚಿಕ್ಕದಾಯಿತು, ನನ್ನ ಆದಾಯವೂ. ಆದರೂ ಆ ಸಲಹೆ ಕೊಡಲೇಬೇಕಿತ್ತು. ದೊಡ್ಡ ಒಪ್ಪಂದಕ್ಕೆ ಸಹಿ ಬಿದ್ದಿದ್ದರೆ ಯಾರಿಗೂ ಬೇಡದ ಆ್ಯಪಿಗೆ ಅವರು ದುಡ್ಡು ತೆರುತ್ತಿದ್ದರು.

ಹೀಗೆ ತುಂಡು ಮಾಡಿದರೆ ಒಟ್ಟು ಖರ್ಚು ತುಸು ಹೆಚ್ಚಾಗುವುದುಂಟು. ಪ್ರತಿ ಸಲ ಮಾತುಕತೆ, ಪರೀಕ್ಷೆ, ಹಳೆಯದಕ್ಕೆ ಹೊಸದನ್ನು ಜೋಡಿಸುವ ಶ್ರಮ. ಅದನ್ನು ಮೊದಲೇ ಹೇಳಿದ್ದೆ. "ಹೋದರೆ ಒಂದು ಭಾಗದ ದುಡ್ಡು ಹೋಗುತ್ತೆ, ಅಷ್ಟೇ ತಾನೆ" ಎಂದು ಒಪ್ಪಿದ್ದರು.

ಲಾರಿ ಬಾಡಿಗೆಯ ಲೆಕ್ಕ ಮೂರನೆಯದಾಗಬೇಕಿತ್ತು. ಅದು ಬೇಡವೆಂದರು. ಬಿಲ್ಲಿನಿಂದ ಬೇಕಾದ ಸಣ್ಣಪುಟ್ಟ ವರದಿಗಳನ್ನು ಈಗ ಇಂಜಿನಿಯರಿಂಗ್ ಓದುತ್ತಿರುವ ಅವರ ಅಕ್ಕನ ಮಗನೇ ಬರೆದುಕೊಳ್ಳುತ್ತಿದ್ದಾನೆ, ಕೋಡು ಅವರ ಹತ್ತಿರವೇ ಇದೆಯಲ್ಲ.