ಬೀಟಾ ಜಾಸ್ತಿ, ಎಚ್ಚರ ಕಮ್ಮಿ

ಶಿರಸಿ, ಕುಮಟಾ ಕಡೆಯಿಂದ ಇಇಜಿ (ಮಿದುಳಿನ ವಿದ್ಯುತ್ ಅಲೆ ಅಳೆಯೋ ಪರೀಕ್ಷೆ) ಮಾಡಿಸೋಕೆ ಹೊರಟೋರೇ, ಹಿಂದಿನ ರಾತ್ರಿ ಶಾಂಪೂ ಹಾಕಿ ತಲೆ ತೊಳೀರಿ. ಆಮೇಲೆ ತೆಂಗಿನೆಣ್ಣೆ ಮುಟ್ಟಬೇಡಿ. ನೆತ್ತಿ ಜಿಡ್ಡಾಗಿದ್ರೆ ಅಲೆ ಹಿಡಿಯೋಕೆ ತಲೆಗೆ ಅಂಟಿಸೋ ಎಲೆಕ್ಟ್ರೋಡ್ ಸರಿಯಾಗಿ ಕೂರಲ್ಲ. ಅಲ್ಲಿ ವಿದ್ಯುತ್ತಿಗೆ ಆಗೋ ತಡೆ (ರೋಧ) 5 ಕಿಲೋ ಓಮ್ ಒಳಗೆ ಬರದಿದ್ರೆ ಪರದೆ ತುಂಬಾ ಬೇಡದ ಗೀಟುಗಳ ಗದ್ದಲ.

ಅದಕ್ಕಿಂತ ಮುಖ್ಯ ಮಾತ್ರೆ ಚೀಟಿ. ಹೆಸರು, ಎಷ್ಟು ಮಿ.ಗ್ರಾಂ., ಕೊನೆಯದು ಎಷ್ಟು ಗಂಟೆಗೆ ತಗೊಂಡಿದ್ದು, ಎಲ್ಲ ಬರೆದು ಒಯ್ಯಿರಿ. ಕಣ್ಣು ಮುಚ್ಚಿ ಆರಾಮಾಗಿದ್ದಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲದ ಆಲ್ಫಾ ಅಲೆ ಇರತ್ತೆ. ಆತಂಕಕ್ಕೆ, ಫಿಟ್ಸ್‌ಗೆ ಕೊಡೋ ಕ್ಲೊನಾಜೆಪಾಮ್, ಡಯಾಜೆಪಾಮ್ ತಗೊಳ್ಳೋರಲ್ಲಿ ಮುಂಭಾಗದಲ್ಲಿ ಅದಕ್ಕಿಂತ ವೇಗದ ಬೀಟಾ ಎದ್ದು ಕಾಣತ್ತೆ. ಬೀಟಾ ಅಂದ್ರೆ ಚುರುಕು ಅಂತ ಎಲ್ಲರೂ ಓದಿರ್ತಾರೆ. ಇಲ್ಲಿ ನೋಡಿದ್ರೆ ಬೀಟಾ ಏರಿದೆ, ಮನುಷ್ಯ ತೂಕಡಿಸ್ತಿದ್ದಾನೆ! ಸ್ಕಿಜೋಫ್ರೇನಿಯಾಗೆ ಕೊಡೋ ಕ್ಲೋಜಪಿನ್ ಉಲ್ಟಾ: ಅಲೆಯ ವೇಗ ಇಳಿದು ಆಲ್ಫಾಗಿಂತ ನಿಧಾನದ ಥೀಟಾ, ಡೆಲ್ಟಾ ಕಡೆ ಜಾರತ್ತೆ, ಡೋಸ್ ಏರಿದ ಹಾಗೆ ಫಿಟ್ಸ್ ಅಪಾಯನೂ ಏರತ್ತೆ. ಮನಸ್ಸಿನ ಏರಿಳಿತಕ್ಕೆ ಕೊಡೋ ಲಿಥಿಯಂ ಕೂಡ ಅಲೆ ನಿಧಾನ ಮಾಡೋದೇ. ಚೀಟಿ ಇಲ್ದಿದ್ರೆ ಇದು ಮಾತ್ರೆಯದ್ದೋ ಕಾಯಿಲೆಯದ್ದೋ ಅಂತ ಡಾಕ್ಟ್ರು ಹೇಗೆ ಹೇಳ್ಬೇಕು?

ಹಾಗಂತ ರಿಪೋರ್ಟ್ ಚೊಕ್ಕ ಬರ್ಲಿ ಅಂತ ಮಾತ್ರೆ ನೀವೇ ನಿಲ್ಲಿಸೋದು ಬೇಡವೇ ಬೇಡ. ಕ್ಲೊನಾಜೆಪಾಮ್ ದಿಢೀರ್ ಬಿಟ್ರೆ ಫಿಟ್ಸೇ ಬರಬಹುದು. ಆ ಮಾತ್ರೆ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 30ರಿಂದ 40 ಗಂಟೆ ಬೇಕು. ರಾತ್ರಿ ನುಂಗಿ ಬೆಳಿಗ್ಗೆ ಗಾಡಿ ಓಡಿಸ್ಕೊಂಡು ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯೋರು ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಒಂದು ಲೋಟ ಚಾ ಕುಡಿದ್ರೆ ಕಣ್ಣು ಬಿಡಬಹುದು, ಔಷಧಿ ರಕ್ತದಿಂದ ಇಳಿಯಲ್ಲ. ನೆಗಡಿಗೆ ಕೊಡೋ ಕ್ಲೋರ್‌ಫೆನಿರಮೈನ್ ಕೂಡ ಜೊತೆಗೆ ನುಂಗಿದ್ರೆ ಮಂಪರು ಇನ್ನೂ ಜೋರು. ಪರೀಕ್ಷೆ ದಿನ ಗಾಡಿ ಮನೇಲೇ ಇಟ್ಟು ಬಸ್ಸಿಗೆ ಹೋಗಿ.